ಕಲ್ಲಿನ ಮಲ್ಲರು, ಮಟ್ಟಿಯ ಮಲ್ಲರು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮುಂದೆಯೋ ಊರ ಅಗಸೆಯ ಬಳಿಯೋ ಒಂದು ಭಾರದ ಕಲ್ಲು ಬಿದ್ದಿರುವುದುಂಟು. ದಾರಿಹೋಕರಿಗೆ ಅದು ಬರಿಯ ಕಲ್ಲು. ಊರಿನ ಹಿರಿಯರು ಮಾತ್ರ ಅದನ್ನು ಗುಂಡುಕಲ್ಲು ಎಂದೋ ಸಂಗ್ರಾಣಿ ಕಲ್ಲು ಎಂದೋ ಹೆಸರು ಹಿಡಿದು ಕರೆಯುತ್ತಾರೆ. ಹಬ್ಬ, ಜಾತ್ರೆಗಳಲ್ಲಿ ಪ್ರಾಯದ ಹುಡುಗರು ಅದನ್ನು ಎತ್ತಿ ತಾಕತ್ತು ತೋರಿಸುತ್ತಿದ್ದರು. ಮೊಣಕಾಲಿಗೆ ಏರಿಸಿದವರು ಯಾರು, ಎದೆಗೆ ತಂದವರು ಯಾರು, ಹೆಗಲ ಮೇಲಿಂದ ಹಿಂದಕ್ಕೆ ಒಗೆದವರು ಯಾರು ಎಂಬುದು ಒಂದು ಕಾಲಕ್ಕೆ ಊರೆಲ್ಲ ಬಲ್ಲ ಸಂಗತಿಯಾಗಿತ್ತು. ಹಿರಿಯರು ತೀರಿಕೊಂಡಂತೆ ಕಲ್ಲು ಉಳಿಯುತ್ತದೆ, ಹೆಸರುಗಳು ಹೋಗುತ್ತವೆ.

ಗ್ರೀಸ್ ದೇಶದ ಒಲಿಂಪಿಯಾದಲ್ಲಿಯೂ ಇಂಥದೇ ಒಂದು ಕಲ್ಲು ಇದೆ. ತೂಕ ಸುಮಾರು 143 ಕಿಲೋ. ಕ್ರಿ.ಪೂ. 6ನೆಯ ಶತಮಾನದ್ದು. ಬೈಬನ್ ಎಂಬಾತ ತನ್ನನ್ನು ಒಂದೇ ಕೈಯಿಂದ ತಲೆಯ ಮೇಲಕ್ಕೆ ಎತ್ತಿದನೆಂದು ಆ ಕಲ್ಲಿನ ಮೇಲೆಯೇ ಬರೆದಿದೆ. ಅದು ಇಂದು ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬ ಬಲಶಾಲಿಯ ಹೆಸರು 2,500 ವರ್ಷ ಉಳಿಯಿತು. ನಮ್ಮೂರಿನ ಕಲ್ಲಿನ ಮೇಲೆ ಬರಹವಿಲ್ಲ. ಆದ್ದರಿಂದ ಅದನ್ನು ಎತ್ತಿದವರೂ ಇಲ್ಲವಾದರು.

ಆಟಗಾರರು ತಮ್ಮ ಆಟದ ಇತಿಹಾಸವನ್ನು ವಸ್ತುಸಂಗ್ರಹಾಲಯಗಳಿಗೆ ಹೋಗಿ ಕಲಿಯಬೇಕೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹುಡುಗ ಹುಡುಗಿಯರಿಗೆ ನಗು ಬರಬಹುದು. ಕುಸ್ತಿ ಆಡುವವರಿಗೆ ಮ್ಯಾಟ್ ಬೇಕು, ಓಡುವವರಿಗೆ ಒಳ್ಳೆಯ ಬೂಟು ಬೇಕು, ಎಲ್ಲರಿಗೂ ಹೊಟ್ಟೆ ತುಂಬ ಹಾಲು, ಮೊಟ್ಟೆ ಬೇಕು. ಇವೇ ಸರಿಯಾಗಿ ದೊರೆಯದಿರುವಾಗ ಹಳೆಯ ಕಲ್ಲು ನೋಡಿ ಆಗುವುದೇನು? ಪ್ರಶ್ನೆ ನ್ಯಾಯವಾದದ್ದೇ. ವಸ್ತುಸಂಗ್ರಹಾಲಯವು ತಾಲೀಮಿಗೆ ಬದಲಿಯಲ್ಲ. ಆದರೆ ತಾಲೀಮು ಕೊಡಲಾರದ ಕೆಲವನ್ನು ಅದು ಕೊಡುತ್ತದೆ. ಇನ್ನೂ ಮುಖ್ಯವಾಗಿ, ವಿದ್ವಾಂಸರು ಕೊಡಲಾರದ ಒಂದನ್ನು ಆಟಗಾರರು ವಸ್ತುಸಂಗ್ರಹಾಲಯಕ್ಕೆ ಕೊಡಬಲ್ಲರು. ಇದಕ್ಕೆ ಮಸ್ಕಿಯಲ್ಲಿಯೇ ಒಂದು ನಿದರ್ಶನವಿದೆ.

ಮಸ್ಕಿ ಕಲಿಸಿದ ಪಾಠ

ಅಶೋಕನ ಶಾಸನಗಳನ್ನು ವಿದ್ವಾಂಸರು 1837ರ ಸುಮಾರಿಗೆ ಓದಿದ್ದರು. ಆದರೆ ಅವುಗಳಲ್ಲಿ ಇದ್ದುದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ. ಆ ಅರಸನೇ ಅಶೋಕನೆಂದು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಊಹಿಸಲಾಗಿತ್ತು. ಶಾಸನದಲ್ಲಿಯೇ 'ಅಶೋಕ' ಎಂಬ ಹೆಸರು ಮೊದಲು ದೊರೆತದ್ದು 1915ರಲ್ಲಿ, ಮಸ್ಕಿಯ ಬೆಟ್ಟದ ಬಂಡೆಯ ಮೇಲೆ. ಅದನ್ನು ಕಂಡವರು ಇತಿಹಾಸಕಾರರಲ್ಲ. ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಹತ್ತಿರದ ಹಟ್ಟಿ ಇಂದಿಗೂ ಚಿನ್ನದ ಗಣಿಗೆ ಹೆಸರಾದ ಊರು. ಕಲ್ಲನ್ನು ದಿನವೂ ಹುಡುಕಿ ನೋಡುವುದೇ ಕಸುಬಾದವರ ಕಣ್ಣಿಗೆ, ಉಳಿದವರು ದಾಟಿಹೋದ ಅಕ್ಷರ ಬಿತ್ತು. ಅನಂತರ ತುಂಗಭದ್ರೆಯ ಆಚೆ ದಂಡೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು.

ಹಳೆಯದನ್ನು ಗುರುತಿಸಲು ಕಸುಬಿನ ಕಣ್ಣೂ ಬೇಕು ಎಂಬುದೇ ಇದರ ಪಾಠ. ಒಂದು ಶಿಲ್ಪದಲ್ಲಿ ಇಬ್ಬರು ಜಟ್ಟಿಗಳು ತೆಕ್ಕೆ ಬಿದ್ದಿದ್ದರೆ, ಅದರ ಕೆಳಗಿನ ಫಲಕದಲ್ಲಿ 'ಮಲ್ಲರು' ಎಂದಷ್ಟೇ ಬರೆದಿರುತ್ತದೆ. ಅವರಲ್ಲಿ ಯಾರು ಪಟ್ಟು ಹಾಕುತ್ತಿದ್ದಾರೆ, ಯಾರು ಅದನ್ನು ಬಿಡಿಸಿಕೊಳ್ಳುತ್ತಿದ್ದಾರೆ, ಕಾಲು ಯಾಕೆ ಅಲ್ಲಿ ಊರಿದೆ, ಮುಂದಿನ ಕ್ಷಣದಲ್ಲಿ ಬೀಳುವವರು ಯಾರು ಎಂದು ಹೇಳಬಲ್ಲವರು ಗರಡಿಯಲ್ಲಿ ಮೈ ಸವೆಸಿದವರೇ. ಗಣಿಯ ಎಂಜಿನಿಯರು ಮಸ್ಕಿಯಲ್ಲಿ ಮಾಡಿದ ಕೆಲಸವನ್ನು ನಮ್ಮ ಪೈಲ್ವಾನರು ಹಂಪಿಯಲ್ಲಿ ಮಾಡಬಲ್ಲರು.

ಕೋಟೆ ಗೋಡೆಯ ಗಾಡಿ

ಮೊದಲು ರಾಯಚೂರಿಗೆ ಹೋಗೋಣ. ಅಲ್ಲಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದವಾದ ಒಂದೇ ಕಲ್ಲು ಇದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಇಷ್ಟು ದೊಡ್ಡ ಕಲ್ಲನ್ನು ಇಲ್ಲಿಗೆ ತಂದ ಬಗೆ ಹೇಗೆ? ಅದನ್ನು ತಂದವರೇ ಗೋಡೆಯ ಮೇಲೆ ಚಿತ್ರ ಕೊರೆದು ಉತ್ತರ ಹೇಳಿದ್ದಾರೆ. ಚಕ್ರದ ಗಾಡಿಯ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿ ಎಳೆಯುವ ಜಾನುವಾರುಗಳು, ಅವನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಮೀಟಿ ಗಾಲಿಯನ್ನು ಮುಂದಕ್ಕೆ ದೂಡುವವರು.

ರಾಯಚೂರು ಜಿಲ್ಲೆಯಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆಯನ್ನು ನೋಡಿದವರಿಗೆ ಈ ಚಿತ್ರ ಹೊಸದೆನಿಸುವುದಿಲ್ಲ. ಕಾರಹುಣ್ಣಿಮೆಯ ಸಮಯದಲ್ಲಿ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳ ಕಲ್ಲೆಳೆತ ಇರುತ್ತದೆ. ಜೊತೆಗೆ ಕುಸ್ತಿ, ಕಲ್ಲು ಎತ್ತುವ ಪಂದ್ಯಗಳೂ ನಡೆಯುತ್ತವೆ. ಕೋಟೆಯ ಚಿತ್ರದಲ್ಲಿರುವುದು ದುಡಿಮೆ, ಹಬ್ಬದಲ್ಲಿ ನಡೆಯುವುದು ಆಟ. ದುಡಿಮೆಗೆ ಬೇಕಾದ ಶಕ್ತಿ, ಚಾತುರ್ಯಗಳೇ ಬಿಡುವಿನ ದಿನ ಆಟವಾಗುತ್ತವೆ ಎಂಬುದನ್ನು ಪುಸ್ತಕದ ಹತ್ತು ಪುಟಗಳಿಗಿಂತ ಆ ಗೋಡೆ ಚೆನ್ನಾಗಿ ತಿಳಿಸುತ್ತದೆ. ಕೋಟೆಯ ನವರಂಗ ದರ್ವಾಜಾವನ್ನು ಪುರಾತತ್ವ ವಸ್ತುಸಂಗ್ರಹಾಲಯವಾಗಿ ಮಾಡಿದ್ದರಿಂದ ಜಿಲ್ಲೆಯ ಶಿಲ್ಪಗಳಿಗೂ ಒಂದು ನೆಲೆ ದೊರೆಯಿತು.

ವಿದೇಶೀಯರು ಕಂಡ ಕುಸ್ತಿ

ಎರಡನೆಯ ಪ್ರಯಾಣ ಹಂಪಿಗೆ. ಸಿಂಧನೂರಿನಿಂದ ಗಂಗಾವತಿಯ ಮೇಲೆ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದಾದ ದೂರ. ಕಮಲಾಪುರದಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಇಡೀ ಹಂಪಿಯ ಮಾದರಿಯನ್ನು ಅಲ್ಲಿ ಮಾಡಿ ಇಟ್ಟಿದ್ದಾರೆ. ಅದನ್ನು ನೋಡಿಕೊಂಡು ಮಹಾನವಮಿ ದಿಬ್ಬಕ್ಕೆ ಹೋದರೆ, ಅದರ ಗೋಡೆಗಳ ಮೇಲೆ ಆನೆ, ಕುದುರೆ, ಬೇಟೆಗಾರರು, ಕುಣಿಯುವವರ ಸಾಲಿನಲ್ಲಿ ಜಟ್ಟಿಗಳನ್ನೂ ಕಾಣಬಹುದು.

ಆ ದಿಬ್ಬದ ಮುಂದೆ ನಡೆದ ಕುಸ್ತಿಯನ್ನು ಕಣ್ಣಾರೆ ಕಂಡು ಬರೆದವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಅವನು ವಿಜಯನಗರದಲ್ಲಿದ್ದ. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಗೂ ಯುದ್ಧ ನಡೆದದ್ದೂ 1520ರಲ್ಲಿಯೇ. ರಾಯನ ದಿನಚರಿಯನ್ನು ಪಾಯೆಸ್ ವಿವರವಾಗಿ ಬರೆದಿದ್ದಾನೆ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿಯುವುದು, ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುವುದು, ಸೊಂಟಕ್ಕೊಂದು ಬಟ್ಟೆ ಕಟ್ಟಿ ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತುವುದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುವುದು, ಆಮೇಲೆ ಆಸ್ಥಾನದ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುವುದು, ಕೊನೆಗೆ ಕುದುರೆ ಸವಾರಿ. ದಂಡ, ಬೈಠಕ್ ಹೊಡೆದು ಎಣ್ಣೆ ತಿಕ್ಕಿಕೊಂಡು ಮಟ್ಟಿಗೆ ಇಳಿಯುವ ಇಂದಿನ ಹುಡುಗರಿಗೆ ಈ ದಿನಚರಿ ಅಪರಿಚಿತವಲ್ಲ.

ಮಹಾನವಮಿಯ ಕುಸ್ತಿಯಲ್ಲಿ ಹೊಡೆತಗಳಿಗೆ ಹಲ್ಲು ಮುರಿಯುತ್ತಿದ್ದವು, ಕಣ್ಣು ಹೋಗುತ್ತಿದ್ದವು, ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು ಎಂದು ಪಾಯೆಸ್ ಹೇಳುತ್ತಾನೆ. ಅದೇ ಉಸಿರಿನಲ್ಲಿ ಮತ್ತೊಂದು ಮಾತನ್ನೂ ಸೇರಿಸುತ್ತಾನೆ. ಎದುರಾಳಿಗಳನ್ನು ಸರಿಸಮವಾಗಿ ನಿಲ್ಲಿಸಲು, ಗೆದ್ದವರಿಗೆ ಮರ್ಯಾದೆ ಸಲ್ಲಿಸಲು ಅಲ್ಲಿ ತೀರ್ಪುಗಾರರಿದ್ದರಂತೆ. ಮೈಸೂರಿನಲ್ಲಿ ದಸರಾ ಜಂಬೂಸವಾರಿಗೆ ಮುನ್ನ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಇಂದಿನ ಕುಸ್ತಿಯಲ್ಲಿ ಗುದ್ದುವುದೇ ನಿಷಿದ್ಧ. ಈ ಮೂರನ್ನೂ ಜೊತೆಗಿಟ್ಟು ನೋಡಿದರೆ ಆಟದ ಇತಿಹಾಸವೆಂಬುದು ಗೆದ್ದವರ ಪಟ್ಟಿ ಮಾತ್ರವಲ್ಲ, ಹೊಡೆದಾಟವನ್ನು ನಿಯಮದೊಳಗೆ ತಂದ ಕಥೆಯೂ ಹೌದು ಎಂದು ತಿಳಿಯುತ್ತದೆ. ಇದನ್ನು ತಿಳಿದ ಆಟಗಾರನಿಗೆ ರೆಫರಿಯ ಸೀಟಿ ತನ್ನ ಶತ್ರುವಲ್ಲ.

ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ 1530ರ ದಶಕದವನು. ಅರಮನೆಯ ಹೆಂಗಸರು ಮಾಡುತ್ತಿದ್ದ ಕೆಲಸಗಳನ್ನು ಎಣಿಸುವಾಗ, ಲೆಕ್ಕ ಬರೆಯುವವರ ಜೊತೆಗೆ ಕುಸ್ತಿ ಆಡುವ ಹೆಂಗಸರನ್ನೂ ಅವನು ಹೆಸರಿಸುತ್ತಾನೆ. ಒಲಿಂಪಿಕ್ಸ್‌ಗೆ ಮಹಿಳೆಯರ ಕುಸ್ತಿ ಸೇರಿದ್ದು 2004ರಲ್ಲಿ. ಭಾರತದ ಸಾಕ್ಷಿ ಮಲಿಕ್ ಕಂಚು ಗೆದ್ದದ್ದು 2016ರಲ್ಲಿ. ಹೆಣ್ಣುಮಕ್ಕಳಿಗೆ ಕುಸ್ತಿ ಯಾಕೆ, ಇದು ನಮ್ಮ ಸಂಪ್ರದಾಯವಲ್ಲ ಎನ್ನುವವರಿಗೆ ತುಂಗಭದ್ರೆಯ ದಂಡೆಯ ಈ ಹಳೆಯ ಸಾಕ್ಷ್ಯ ಸಾಕಷ್ಟು ಉತ್ತರ ಕೊಡುತ್ತದೆ. ಮನೆಯವರ ವಿರೋಧ ಎದುರಿಸಿ ಮಟ್ಟಿಗೆ ಬಂದ ಹುಡುಗಿಗೆ ಆ ಒಂದು ಸಾಲು ಒಂದು ಹೊತ್ತಿನ ಹಾಲಿಗಿಂತ ಹೆಚ್ಚಿನ ಬಲ ಕೊಟ್ಟೀತು.

ಗರಡಿಯ ಮಾತೇ ಒಂದು ಸಂಗ್ರಹ

ವಿಜಯನಗರಕ್ಕಿಂತ ಸುಮಾರು ಎರಡು ಶತಮಾನ ಹಿಂದೆ, 12ನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ 'ಮಲ್ಲವಿನೋದ' ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ದರ್ಜೆಗಳಾಗಿ ವಿಂಗಡಿಸಬೇಕು, ಅವರಿಗೆ ಕೊಡಬೇಕಾದ ಆಹಾರ ಯಾವುದು, ಮಾಡಿಸಬೇಕಾದ ವ್ಯಾಯಾಮ ಯಾವುದು ಎಂಬುದೆಲ್ಲ ಅಲ್ಲಿದೆ. ಭಾರಶ್ರಮ ಎಂದರೆ ತೂಕ ಎತ್ತುವುದು, ಭ್ರಮಣಶ್ರಮ ಎಂದರೆ ನಡಿಗೆ, ಸಲಿಲಶ್ರಮ ಎಂದರೆ ಈಜು, ಸ್ತಂಭಶ್ರಮ ಎಂದರೆ ಕಂಬದ ಮೇಲಿನ ಸಾಧನೆ. ಇಂದಿನ ಮಲ್ಲಕಂಬವನ್ನು ನೆನಪಿಗೆ ತರುವಂಥದು. ಒಂದೇ ಆಟಕ್ಕಾಗಿ ಹಲವು ಬಗೆಯ ವ್ಯಾಯಾಮ ಮಾಡಿಸಬೇಕೆಂಬ ಇಂದಿನ ತರಬೇತುದಾರರ ಮಾತು ನಮ್ಮ ನೆಲಕ್ಕೆ ಹೊಸದಲ್ಲ.

ಮೇಲಿನ ದರ್ಜೆಯ ಮಲ್ಲನನ್ನು ಆ ಗ್ರಂಥ 'ಜ್ಯೇಷ್ಠಿಕ' ಎಂದು ಕರೆಯುತ್ತದೆ. ನಮ್ಮ 'ಜಟ್ಟಿ' ಎಂಬ ಮಾತು ಅದೇ ಮೂಲದಿಂದ ಬಂದದ್ದು. 'ಕುಸ್ತಿ', 'ಪೈಲ್ವಾನ', 'ಉಸ್ತಾದ' ಎಂಬ ಮಾತುಗಳು ಪಾರಸಿಯಿಂದ ಬಂದವು, 'ತಾಲೀಮು' ಅರಬ್ಬಿಯದು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ವಿಜಯನಗರದವರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಕೋಟೆ ಕೈಯಿಂದ ಕೈಗೆ ದಾಟುತ್ತಿದ್ದ ಅದೇ ಕಾಲದಲ್ಲಿ ಗರಡಿಯೊಳಗೆ ಎರಡೂ ಕಡೆಯ ಮಾತುಗಳು ಒಂದೇ ಮಣ್ಣಿನಲ್ಲಿ ಬೆರೆತವು. ಹನುಮಪ್ಪನಿಗೆ ಕೈಮುಗಿದು ಉಸ್ತಾದರ ಪಾದ ಮುಟ್ಟಿ ಮಟ್ಟಿಗೆ ಇಳಿಯುವ ಹುಡುಗ, ತಿಳಿದೋ ತಿಳಿಯದೆಯೋ, ಆ ಇತಿಹಾಸವನ್ನು ದಿನವೂ ಆಡುತ್ತಿರುತ್ತಾನೆ.

ತಿಳಿಯದಿದ್ದರೆ ನಷ್ಟವೇನು?

ಇತಿಹಾಸ ತಿಳಿಯದೆಯೂ ಗೆಲ್ಲಬಹುದಲ್ಲ ಎಂದು ಕೇಳಬಹುದು. ಗೆಲ್ಲಬಹುದು. ಆದರೆ ಆಟದ ನಿಯಮ ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ ಎಂದುಕೊಂಡವರು ತೊಂದರೆಗೆ ಸಿಕ್ಕುತ್ತಾರೆ. ಮಹಾರಾಷ್ಟ್ರದ ಕೆ.ಡಿ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮಣ್ಣಿನಲ್ಲಿ ಪಳಗಿದ್ದ ಅವರಿಗೆ ಮ್ಯಾಟ್ ಹೊಸದು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ನೆಲಕ್ಕೆ ತಾಗಿಸಿ ಚಿತ್ ಮಾಡುವುದೇ ಗುರಿ. ಅಲ್ಲಿ ಗಡಿಯಾರವೂ ಇತ್ತು, ಅಂಕಗಳ ಲೆಕ್ಕವೂ ಇತ್ತು. ಅವರು ಆರನೆಯ ಸ್ಥಾನ ಪಡೆದರು. ಹೊಸ ರೀತಿಯನ್ನು ಕಲಿತು 1952ರಲ್ಲಿ ಹೆಲ್ಸಿಂಕಿಗೆ ಹೋಗಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು.

ಇನ್ನೊಂದು ಪ್ರಸಂಗ ಈಚಿನದು. 2013ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರ ಕೂಟದ ಮುಖ್ಯ ಕ್ರೀಡೆಗಳ ಪಟ್ಟಿಯಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಮಾಡಿತು. ಲೋಕದ ಕುಸ್ತಿಪಟುಗಳೆಲ್ಲ ಎದ್ದು ನಿಂತರು. ಪ್ರಾಚೀನ ಒಲಿಂಪಿಕ್ಸ್‌ನಿಂದ ಬಂದ ಆಟವಿದು ಎಂಬುದು ಅವರ ವಾದಗಳಲ್ಲಿ ಮುಖ್ಯವಾಗಿತ್ತು. ಜೊತೆಗೆ ನೋಡುಗರಿಗೆ ಅರ್ಥವಾಗುವಂತೆ ಅಂಕಗಳ ಕ್ರಮವನ್ನೂ ಬದಲಿಸಿಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕುಸ್ತಿಗೆ ಮತ್ತೆ ಸ್ಥಾನ ದೊರೆಯಿತು. ಆಟವನ್ನು ಉಳಿಸಿಕೊಳ್ಳಲು ಆಟಗಾರರಿಗೆ ಅದರ ಹಿಂದಿನದೂ ಗೊತ್ತಿರಬೇಕು, ಅದನ್ನು ಬದಲಿಸುವ ಧೈರ್ಯವೂ ಬೇಕು. ಇವೆರಡೂ ಒಂದೇ ತಿಳಿವಳಿಕೆಯಿಂದ ಬರುತ್ತವೆ.

ಕುಸ್ತಿಗೆ ಮಾತ್ರ ಸಲ್ಲುವ ಮಾತಲ್ಲ ಇದು. ಶಾಲೆಯ ಅಂಗಳದಲ್ಲಿ ಆಡುವ ಕಬಡ್ಡಿಯನ್ನು ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು 1936ರಲ್ಲಿ ಬರ್ಲಿನ್‌ನಲ್ಲಿ ಆಡಿ ತೋರಿಸಿದ್ದರು. ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾದದ್ದು 1990ರಲ್ಲಿ. ದೂರದ ಓಟ ಅಭ್ಯಾಸ ಮಾಡುವ ನಮ್ಮ ಹುಡುಗರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರ ಹೆಸರು ಕೇಳಿದವರು ಎಷ್ಟು ಮಂದಿ? 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಅವರು 19ನೆಯವರಾಗಿ ಗುರಿ ಮುಟ್ಟಿದರು. ತನ್ನ ನಾಡಿನವರೊಬ್ಬರು ನೂರು ವರ್ಷಕ್ಕೂ ಹಿಂದೆ ಅಷ್ಟು ದೂರ ಓಡಿದ್ದರು ಎಂದು ತಿಳಿದ ಹುಡುಗನ ಹೆಜ್ಜೆಯೇ ಬೇರೆಯಾದೀತು.

ನೋಡುವುದು ಹೇಗೆ?

ಹೋಗಿ ಸುತ್ತು ಹಾಕಿ ಫೋಟೊ ತೆಗೆಸಿಕೊಂಡು ಬಂದರೆ ಪ್ರಯೋಜನ ಕಡಿಮೆ. ತಾಲ್ಲೂಕು, ಜಿಲ್ಲಾ ಮಟ್ಟದ ಪಂದ್ಯಕ್ಕೆ ತಂಡ ಕರೆದೊಯ್ಯುವ ದೈಹಿಕ ಶಿಕ್ಷಕರು, ಪಂದ್ಯ ಮುಗಿದ ಮೇಲೆ ಅರ್ಧ ದಿನವನ್ನು ಇದಕ್ಕಾಗಿ ಇಡಬಹುದು. ಒಂದು ಶಿಲ್ಪದ ಮುಂದೆ ನಿಂತು, ಅದರಲ್ಲಿರುವ ನಿಲುವನ್ನು ಇಬ್ಬರು ಹುಡುಗರು ತಮ್ಮ ಮೈಯಿಂದ ಮಾಡಿ ನೋಡಲಿ. ಈ ಹಿಡಿತ ಇಂದಿನ ನಿಯಮದಲ್ಲಿ ಸಲ್ಲುತ್ತದೆಯೇ, ಇಲ್ಲವಾದರೆ ಯಾಕೆ ಎಂದು ಚರ್ಚಿಸಲಿ. ಶಿಲ್ಪವನ್ನು ಮುಟ್ಟದೆ ಗೆರೆಯಲ್ಲಿ ಬರೆದುಕೊಳ್ಳಲಿ. ಊರಿಗೆ ಮರಳಿ ಅದನ್ನು ಹಳೆಯ ಪೈಲ್ವಾನರಿಗೆ ತೋರಿಸಿ, ಈ ಪಟ್ಟಿಗೆ ನಮ್ಮ ಗರಡಿಯಲ್ಲಿ ಏನೆನ್ನುತ್ತಾರೆ ಎಂದು ಕೇಳಲಿ. ಅವರು ಹೇಳಿದ ಹೆಸರನ್ನು ಬರೆದಿಡಲಿ. ವಸ್ತುಸಂಗ್ರಹಾಲಯದ ಫಲಕದಲ್ಲಿ ಇಲ್ಲದ ಆ ಒಂದು ಹೆಸರು ಹುಡುಗರು ಸಂಪಾದಿಸಿದ ಹೊಸ ತಿಳಿವಳಿಕೆ.

ಎರಡನೆಯ ಕೆಲಸ ಊರಲ್ಲೇ ಇದೆ. ಒಲಿಂಪಿಕ್ ಚಳವಳಿಯವರು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ದೊಡ್ಡ ವಸ್ತುಸಂಗ್ರಹಾಲಯವನ್ನು ತೆರೆದದ್ದು 1993ರಲ್ಲಿ. ನಮಗೆ ಅಷ್ಟು ದೊಡ್ಡದು ಬೇಡ. ತಾಲ್ಲೂಕು ಕ್ರೀಡಾಂಗಣದ ಒಂದು ಕೋಣೆ, ಶಾಲೆಯ ಒಂದು ಕಪಾಟು ಸಾಕು. ಹಳೆಯ ಕುಸ್ತಿಯ ಕರಪತ್ರ, ಗೆದ್ದ ಬೆಳ್ಳಿಯ ಕಡಗದ ಫೋಟೊ, ಗರಡಿಯ ಗದೆ, ಮಾಸಿದ ತಂಡದ ಚಿತ್ರ, ಅದರ ಹಿಂದೆ ನಿಂತವರ ಹೆಸರುಗಳು. ಕೊನೆಯದೇ ಎಲ್ಲಕ್ಕಿಂತ ಅವಸರದ್ದು. ಚಿತ್ರ ಕಾಗದದ ಮೇಲೆ ಇನ್ನೂ ಹಲವು ವರ್ಷ ಉಳಿದೀತು. ಆ ಮುಖಗಳನ್ನು ಗುರುತಿಸುವವರು ಅಷ್ಟು ಕಾಲ ಇರುವುದಿಲ್ಲ.

ಹನುಮಪ್ಪನ ಗುಡಿಯ ಮುಂದಿನ ಕಲ್ಲನ್ನು ಎಲ್ಲಿಗೂ ಸಾಗಿಸಬೇಕಾಗಿಲ್ಲ. ಅದು ಅಲ್ಲಿಯೇ ಇರಲಿ, ಹುಡುಗರು ಎತ್ತುತ್ತಲೂ ಇರಲಿ. ಒಂದು ದಿನ ಅದನ್ನು ತೂಗಿ, ಎತ್ತಿದವರು ಯಾರು ಯಾರು ಎಂದು ಹಿರಿಯರನ್ನು ಕೇಳಿ, ಪಕ್ಕದಲ್ಲೊಂದು ಹಲಗೆಯ ಮೇಲೆ ಬರೆದರೆ ಸಾಕು. ಬೈಬನ್ನನ ಕಲ್ಲಿಗೂ ನಮ್ಮ ಕಲ್ಲಿಗೂ ಇರುವ ಅಂತರ ಅಷ್ಟೇ.